ನೆನಪೋ ದಾಖಲೆಯೋ: ಸರ್ವರ್ ಸಮೂಹದಲ್ಲಿ ಸೆಷನ್ ಹಂಚಿಕೆಯ ವಿಚಾರ

ಅಂತರ್ಜಾಲ ಪುಟಗಳ ವ್ಯವಹಾರಕ್ಕೆ ಆಧಾರವಾದ ಎಚ್‌ಟಿಟಿಪಿ ನಿಯಮಕ್ಕೆ ನೆನಪೆಂಬುದಿಲ್ಲ. ಒಂದು ಕೋರಿಕೆಗೂ ಅದರ ಹಿಂದೆಯೇ ಬರುವ ಮತ್ತೊಂದಕ್ಕೂ ಅದು ಸಂಬಂಧವನ್ನು ಕಲ್ಪಿಸದು. ಈ ಕೊರತೆಯನ್ನು ತುಂಬಲೆಂದು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಅವರು ಕುಕೀ ಎಂಬ ಗುರುತುಚೀಟಿಯನ್ನು ರೂಪಿಸಿದರು. ಚೀಟಿ ಬಳಕೆದಾರನ ಬಳಿ ಇರುತ್ತದೆ. ಅದಕ್ಕೆ ಸೇರಿದ ವಿವರ, ಅಂದರೆ ಸೆಷನ್, ಸಾಮಾನ್ಯವಾಗಿ ಸರ್ವರಿನಲ್ಲಿರುತ್ತದೆ. ಸರ್ವರ್ ಒಂದೇ ಆಗಿದ್ದರೆ ತೊಡಕಿಲ್ಲ. ಹಲವು ಸರ್ವರುಗಳನ್ನು ಕೂಡಿಸಿ, ಕೆಲಸ ಹಂಚಲು ಲೋಡ್ ಬ್ಯಾಲೆನ್ಸರನ್ನು ಮುಂದೆ ನಿಲ್ಲಿಸಿದಾಗ, ಮೊದಲನೆಯದಕ್ಕೆ ಹೇಳಿದ್ದು ಎರಡನೆಯದಕ್ಕೆ ತಿಳಿಯುವುದೆಂತು?

ಇದು ಯಂತ್ರಜ್ಞರ ಒಳಮಾತೆಂದು ತಳ್ಳಿಹಾಕತಕ್ಕದ್ದಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಒಂದು ಹೋಬಳಿ ಕೇಂದ್ರ. ಹಳ್ಳಿಯ ಶೇಂಗಾ ಬೆಳೆಗಾರನೊಬ್ಬನು ಒಂದು ದಿನದ ದುಡಿಮೆ ಬಿಟ್ಟು, ಅಲ್ಲಿಗೆ ಬಂದು, ಗಣಕದಲ್ಲಿ ಅರ್ಜಿ ತುಂಬಿಸುತ್ತಾನೆಂದು ಭಾವಿಸೋಣ. ಮುಕ್ಕಾಲು ಮುಗಿದಾಗ ‘ಸೆಷನ್ ಮುಗಿದಿದೆ’ ಎಂಬ ಸೂಚನೆ ಬಂದರೆ, ಅವನಿಗಾಗುವ ನಷ್ಟ ಕೆಲವು ಅಕ್ಷರಗಳದಲ್ಲ, ಒಂದು ದಿನದ್ದು. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಸೇವಾಸಿಂಧುವಿನಲ್ಲಿ ಆರಂಭವಾದಾಗ ‘ಸರ್ವರ್ ಬ್ಯುಸಿ’ ಎಂಬುದು ಮನೆಮಾತಾಯಿತು. ಜನ ಹೀಗೆ ಹೇಳುವಾಗ ಎರಡು ಬೇರೆ ದೋಷಗಳು ಒಂದೇ ಹೆಸರಿನಲ್ಲಿ ಬೆರೆಯುವುದುಂಟು: ಶಕ್ತಿ ಸಾಲದಿರುವುದು, ನೆನಪು ಕಳೆಯುವುದು. ಮೊದಲನೆಯದಕ್ಕೆ ಯಂತ್ರಗಳನ್ನು ಹೆಚ್ಚಿಸಬಹುದು. ಹೆಚ್ಚಿಸಿದಷ್ಟೂ ಎರಡನೆಯದು ಜಟಿಲವಾಗುತ್ತದೆ.

ರೂಢಿಯಲ್ಲಿರುವ ಪರಿಹಾರಗಳನ್ನು ಪರಿಶೀಲಿಸೋಣ. ಬಳಕೆದಾರನನ್ನು ಒಂದೇ ಸರ್ವರಿಗೆ ಅಂಟಿಸಿಡುವುದು ಮೊದಲನೆಯದು. ಕರ್ನಾಟಕದ ಪಹಣಿಗಳು ಹಿಂದೆ ಗ್ರಾಮಲೆಕ್ಕಿಗರ ಕೈಯಲ್ಲಿದ್ದವಷ್ಟೆ. ಲೆಕ್ಕಿಗನು ಊರಲ್ಲಿಲ್ಲದಿದ್ದರೆ ಕೆಲಸ ನಿಂತಿತು. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆ 2000ದ ಸುಮಾರಿಗೆ ಆ ಅವಲಂಬನೆಯನ್ನು ತಪ್ಪಿಸಿತು. ಅಂಟಿಸುವ ವಿಧಾನದಲ್ಲಿ ಅದೇ ಹಳೆಯ ದೋಷ ಮರಳಿ ಬರುತ್ತದೆ: ಆ ಸರ್ವರ್ ಕೆಟ್ಟರೆ ಅದರ ನೆನಪೂ ಹೋಯಿತು. ಎಲ್ಲ ಸರ್ವರುಗಳಿಗೂ ಪ್ರತಿಗಳನ್ನು ಕಳುಹಿಸುವುದು ಎರಡನೆಯದು. ಟಾಮ್‌ಕ್ಯಾಟ್‌ನ ಡೆಲ್ಟಾ ಮ್ಯಾನೇಜರ್ ಈ ಬಗೆಯದು. ಸಣ್ಣ ಸಮೂಹಕ್ಕೆ ಮಾತ್ರ ಒಪ್ಪುತ್ತದೆ, ಸಮೂಹ ಬೆಳೆದಂತೆ ಪ್ರತಿಗಳ ಸಾಗಣೆಯೇ ಹೊರೆಯಾಗುತ್ತದೆ. ಮೂರನೆಯದು ಸಾಮಾನ್ಯ ಉಗ್ರಾಣ. ಇದು ಮೇಲಾದ ಮಾರ್ಗವೇ ಸರಿ. ಆದರೆ 2003ರಲ್ಲಿ ಹುಟ್ಟಿದ ಮೆಮ್‌ಕ್ಯಾಶ್‌ಡ್‌ನಂತಹ ಸಾಧನವನ್ನು ಉಗ್ರಾಣವೆಂದು ನಂಬುವವರು, ಸ್ಥಳ ಸಾಲದಾದಾಗ ಅದು ಹಳೆಯದನ್ನು ಹೊರಹಾಕುತ್ತದೆ, ನಿಂತು ಮತ್ತೆ ಹೊರಟಾಗ ಬರಿದಾಗಿರುತ್ತದೆ ಎಂಬುದನ್ನು ಮರೆಯುತ್ತಾರೆ.

ಇವೆಲ್ಲಕ್ಕೂ ವಿರುದ್ಧವಾದ ಮತವೊಂದಿದೆ. ರಾಯ್ ಫೀಲ್ಡಿಂಗ್ ಅವರು ತಮ್ಮ 2000ದ ಪ್ರೌಢಪ್ರಬಂಧದಲ್ಲಿ, ಸರ್ವರಿನಲ್ಲಿ ಸೆಷನ್ ಇರಲೇಕೂಡದು, ಪ್ರತಿ ಕೋರಿಕೆಯೂ ತನಗೆ ಬೇಕಾದುದೆಲ್ಲವನ್ನೂ ತಾನೇ ಹೊತ್ತು ತರಬೇಕು ಎಂದು ವಾದಿಸಿದರು. ವಾದ ಸುಸಂಗತವಾದುದು. ಆದರೆ ಅದನ್ನು ನೆವಮಾಡಿಕೊಂಡು ಎಲ್ಲವನ್ನೂ ಸಹಿಮಾಡಿದ ಚೀಟಿಯಲ್ಲಿ ತುಂಬುವವರನ್ನು ಒಪ್ಪಲಾಗದು. ಒಂದು ಕುಕೀಯಲ್ಲಿ ನೆಚ್ಚಬಹುದಾದ ಸ್ಥಳ 4096 ಬೈಟುಗಳು ಮಾತ್ರ. ಅಲ್ಲದೆ, ಕೊಟ್ಟ ಚೀಟಿಯನ್ನು ಅವಧಿಗೆ ಮೊದಲೇ ಹಿಂಪಡೆಯಬೇಕಾದರೆ, ರದ್ದಾದವುಗಳ ಪಟ್ಟಿಯನ್ನು ಸರ್ವರೇ ನೆನಪಿಡಬೇಕು. ಹೊರಗಟ್ಟಿದ ನೆನಪು ಹಿತ್ತಿಲ ಬಾಗಿಲಿಂದ ಒಳಬಂದಂತಾಯಿತು. ಹಲವರು ಒಂದೇ ಗಣಕವನ್ನು ಬಳಸುವ ಸೇವಾಕೇಂದ್ರಗಳಲ್ಲಿ ಹೀಗೆ ಹಿಂಪಡೆಯುವ ಅನುಕೂಲ ಅತ್ಯಗತ್ಯ.

ಈ ಚರ್ಚೆಗಳೆಲ್ಲ ನೆನಪನ್ನು ಎಲ್ಲಿಡಬೇಕೆಂದು ಕೇಳುತ್ತವೆ. ಯಾವುದು ನೆನಪು, ಯಾವುದು ದಾಖಲೆ ಎಂದು ಕೇಳುವುದಿಲ್ಲ. ಬಂದವನು ಯಾರೆಂಬುದು ನೆನಪು. ಅದು ಕಳೆದರೆ ಮತ್ತೊಮ್ಮೆ ಗುರುತು ಹೇಳಿದರಾಯಿತು. ಅರೆತುಂಬಿದ ಅರ್ಜಿಯಾದರೋ ದಾಖಲೆ. ಅದನ್ನು ಸೆಷನ್ನಿನಲ್ಲಿಡುವುದೇ ಮೂಲ ಪ್ರಮಾದ. ಮೊದಲ ಪುಟ ತುಂಬಿದೊಡನೆಯೇ ಅದಕ್ಕೊಂದು ಸಂಖ್ಯೆ ಕೊಟ್ಟು ದತ್ತಸಂಗ್ರಹದಲ್ಲಿ ಕರಡಾಗಿ ಇಡತಕ್ಕದ್ದು. ಆಗ ಸೆಷನ್ನಿನಲ್ಲಿ ಉಳಿಯುವುದು ಅತ್ಯಲ್ಪ. ಹಂಚುವುದೂ ಸುಲಭ, ಕಳೆದರೂ ಹಾನಿ ಕಿರಿದು. ಸರ್ವರ್ ಸಮೂಹವೊಂದರ ಗುಣವನ್ನು ಅದರ ವೇಗದಿಂದ ಮಾತ್ರ ಅಳೆಯುವ ಪರಿಪಾಠ ಸಾಲದು. ನಡುವೆ ಒಂದು ಯಂತ್ರ ನಿಂತಾಗ ನಾಯಕನಹಟ್ಟಿಯ ಆ ಅರ್ಜಿದಾರನು ಎಷ್ಟನ್ನು ಮತ್ತೆ ಬರೆಯಬೇಕಾಗುತ್ತದೆ ಎಂಬುದೂ ಅಳತೆಗೋಲಾಗಬೇಕು.