ಬಿದಿರ ಜಾಲರಿಯ ಕೆಳಗೊಂದು ಟರ್ಮಿನಲ್

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಚಿಕ್ಕಜಾಲದ ಹಳೆಯ ಕಲ್ಲುಕೋಟೆ ದಾಟಿ ಇನ್ನಷ್ಟು ಮುಂದೆ ಹೋದರೆ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಅದರ ಎರಡನೇ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. ವಿಮಾನ ನಿಲ್ದಾಣವೆಂದರೆ ಗಾಜು, ಉಕ್ಕು, ಕಣ್ಣು ಕುಕ್ಕುವ ಬೆಳಕು; ಯಾವ ಊರಿನದೆಂದು ಹೇಳುವುದೇ ಕಷ್ಟ. ಅಮೆರಿಕದ ಎಸ್‌ಒಎಂ ಸಂಸ್ಥೆಯ ವಾಸ್ತುಶಿಲ್ಪಿಗಳು ಆ ಜಾಡು ಬಿಟ್ಟು, ಉದ್ಯಾನನಗರಿಯೆಂಬ ಖ್ಯಾತಿಯನ್ನೇ ಕಟ್ಟಡದೊಳಗೆ ತಂದರು.

ಒಳಗೆ ಕಾಲಿಟ್ಟವರು ಒಮ್ಮೆ ತಲೆಯೆತ್ತಬೇಕು. ಚಾವಣಿಯ ತುಂಬ ಬಿದಿರ ಪಟ್ಟಿಗಳ ಜಾಲರಿ. ಮೇಲಿನ ಬಿಸಿಲು ಅದರ ಸಂದುಗಳಲ್ಲಿ ಸೋಸಿಕೊಂಡು, ಹೊಂಗೆಮರದ ನೆರಳಿನ ಹಾಗೆ ಮೆತ್ತಗೆ ನೆಲಕ್ಕಿಳಿಯುತ್ತದೆ. ಉಕ್ಕಿನ ಕಂಬಗಳಿಗೂ ಬಿದಿರಿನದೇ ಹೊದಿಕೆ. ಇದು ಕಡಿದು ತಂದು ನಿಲ್ಲಿಸಿದ ಹಸಿ ಬಿದಿರಲ್ಲ. ಸೀಳಿ, ಸಂಸ್ಕರಿಸಿ, ಒತ್ತಿ ಅಂಟಿಸಿದ ಎಂಜಿನಿಯರ್ಡ್ ಬಿದಿರು.

ಇನ್ನು ತೂಗುತೋಟಗಳು. ಗಂಟೆಯಾಕಾರದ ಚೌಕಟ್ಟುಗಳಲ್ಲಿ ಗಿಡಗಳು ಮೇಲಿನಿಂದ ಇಳಿಬಿದ್ದಿವೆ. ಲಗೇಜು ಎಳೆಯುತ್ತ ಅವಸರದಲ್ಲಿ ಸಾಗುವವರೂ ಅವುಗಳ ಕೆಳಗೆ ಹೆಜ್ಜೆ ನಿಧಾನಿಸುತ್ತಾರೆ.

ನಿಜವಾದ ಜಾಣ್ಮೆ ಇರುವುದು ಚೆಕ್-ಇನ್ ಭಾಗಕ್ಕೂ ವಿಮಾನದ ಗೇಟುಗಳಿಗೂ ನಡುವೆ. ಅಲ್ಲಿ ಗೋಡೆಯ ಬದಲು ಹಸಿರಿನ ಪಟ್ಟಿಯೊಂದನ್ನೇ ಹಾಸಿದ್ದಾರೆ: ಮರಗಿಡ, ಬಯಲ ಗಾಳಿ, ಬಿದಿರು ಹೊದ್ದ ಮಂಟಪಗಳು. ಬೆಂಗಳೂರಿನ ಹಿತವಾದ ಹವೆಯನ್ನು ನಂಬಿ ಮಾಡಿದ ಏರ್ಪಾಡು ಇದು. ಉರಿಬಿಸಿಲಿನ ಊರಿನಲ್ಲಿ ಇಂಥ ಧೈರ್ಯ ಸುಲಭವಲ್ಲ.

2023ರ ಜನವರಿ 15ರಂದು ಇಲ್ಲಿಂದ ಹೊರಟ ಮೊದಲ ವಿಮಾನದ ಗುರಿ ಕಲಬುರಗಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿದೇಶಿ ಹಾರಾಟಗಳೂ ಈ ಟರ್ಮಿನಲ್‌ಗೆ ಬಂದವು.