ಆರ್ಲಟ್ಟರ ಎರಡು ವೃತ್ತಿಗಳು

ಪತ್ರಿಕೆಯ ಕ್ರೀಡಾ ಅಂಕಣಕಾರನು ರೇಡಿಯೋ, ಟೆಲಿವಿಷನ್‌ಗಳಿಗೂ ದುಡಿಯತೊಡಗಿದರೆ ಅವನ ಬರೆಹ ಸೊರಗುವುದೆಂಬ ಆಕ್ಷೇಪವುಂಟು. ಇದನ್ನು ಪರೀಕ್ಷಿಸಲು ಇಂಗ್ಲೆಂಡಿನ ಜಾನ್ ಆರ್ಲಟ್ಟರ (1914–1991) ವೃತ್ತಿಜೀವನ ತಕ್ಕ ನಿದರ್ಶನವಾಗಿದೆ.

1946ರಲ್ಲಿ ಭಾರತ ತಂಡದ ಇಂಗ್ಲೆಂಡ್ ಪ್ರವಾಸದೊಂದಿಗೆ ಅವರ ಬಿ.ಬಿ.ಸಿ. ವೀಕ್ಷಕ ವಿವರಣೆ ಮೊದಲಾಯಿತು. 1968ರಿಂದ 1980ರವರೆಗೆ ಅವರು ‘ಗಾರ್ಡಿಯನ್’ ಪತ್ರಿಕೆಯ ಕ್ರಿಕೆಟ್ ವರದಿಗಾರರೂ ಆಗಿದ್ದರು. ಈ ಎರಡು ಕಾರ್ಯಗಳ ಧರ್ಮ ಒಂದೇ ಅಲ್ಲ. ಮೈಕಿನ ಮುಂದೆ ಆಡಿದ ಮಾತನ್ನು ತಿದ್ದಲು ಎಡೆಯಿಲ್ಲ; ಪತ್ರಿಕೆಗೆ ಬರೆಯುವಾಗ ದಿನದ ಆಟವನ್ನೆಲ್ಲ ತೂಗಿ ನೋಡುವ ಅವಕಾಶವುಂಟು. ರೇಡಿಯೋದಲ್ಲಿ ಕೇಳುಗನಿಗೆ ಕಣ್ಣಾಗುವ ಮಾತು ಟೆಲಿವಿಷನ್ನಿನಲ್ಲಿ ಚಿತ್ರಕ್ಕೆ ದಾರಿಬಿಟ್ಟು ಹಿಂದೆ ಸರಿಯಬೇಕು. ಹಗಲು ನುಡಿದುದನ್ನೇ ಸಂಜೆ ಅಚ್ಚಿಗೆ ಕಳುಹುವವನು ಓದುಗನ ಋಣವನ್ನು ತೀರಿಸಿದಂತಾಗದು.

ಇಷ್ಟಾದರೂ ಶೈಲಿಯ ಪ್ರಶ್ನೆ ಗೌಣವಾದುದು. ಮುಖ್ಯವಾದುದು ಸ್ವಾತಂತ್ರ್ಯದ ಪ್ರಶ್ನೆ. 1970ರಲ್ಲಿ ದಕ್ಷಿಣ ಆಫ್ರಿಕದ ತಂಡ ಇಂಗ್ಲೆಂಡಿಗೆ ಬರಲಿದ್ದಿತು. ವರ್ಣಭೇದ ನೀತಿಯನ್ನು ಒಪ್ಪದ ಆರ್ಲಟ್ಟರು ಆ ಪಂದ್ಯಗಳಿಗೆ ತಾವು ವಿವರಣೆ ನೀಡುವುದಿಲ್ಲವೆಂದು ‘ಗಾರ್ಡಿಯನ್’ನಲ್ಲಿಯೇ ಕಾರಣಸಹಿತವಾಗಿ ಬರೆದರು. ಮನಸ್ಸಿಗೆ ಸಂತೋಷವಿಲ್ಲದೆಡೆ ವೀಕ್ಷಕ ವಿವರಣೆ ಸಲ್ಲದೆಂಬುದು ಅವರ ನಿಲುವಾಗಿತ್ತು. ಕಡೆಗೆ ಪ್ರವಾಸವೇ ರದ್ದಾಯಿತು. ಧ್ವನಿ ಏಕೆ ಮೌನ ವಹಿಸಿತೆಂಬುದನ್ನು ಲೇಖನಿ ತಿಳಿಸಿತು. ಅಂಕಣವಿಲ್ಲದಿದ್ದರೆ ಆ ಮೌನಕ್ಕೆ ಇಷ್ಟು ಅರ್ಥ ಬರುತ್ತಿರಲಿಲ್ಲ.

ಎರಡು ಕಡೆ ದುಡಿಯುವುದರಲ್ಲಿ ದೋಷವಿಲ್ಲ. ಒಂದು ಕಡೆಯ ಸಂಭಾವನೆಯು ಇನ್ನೊಂದು ಕಡೆಯ ನಾಲಗೆಯನ್ನು ಕಟ್ಟಿದಾಗಲೇ ಅಂಕಣಕಾರನ ಪತನ ಆರಂಭವಾಗುತ್ತದೆ.