ಸ್ಟುಡಿಯೊ ಬಾಗಿಲು: ಹಲಗೆಗಿಂತ ಅಂಚು ಮುಖ್ಯ

ಮನೆಯ ಕೋಣೆಯೊಂದನ್ನು ಧ್ವನಿಮುದ್ರಣಕ್ಕೆ ಸಜ್ಜುಗೊಳಿಸುವಾಗ ಗೋಡೆಗೆ ಸಿಗುವ ಆರೈಕೆ ಬಾಗಿಲಿಗೆ ಸಿಗುವುದು ಅಪರೂಪ. ಎರಡೂ ಬದಿ ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಸದ್ದನ್ನು ಸುಮಾರು 50 ಡೆಸಿಬಲ್ ತಗ್ಗಿಸುತ್ತದೆ. ಒಳಗೆ ಟೊಳ್ಳಾದ ಫ್ಲಶ್ ಡೋರ್ 20ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಾಗಿಲೂ ಸೇರಿ 10 ಚದರ ಮೀಟರ್ ಇರುವ ಗೋಡೆಯಲ್ಲಿ 2 ಚದರ ಮೀಟರ್ ಇಂಥ ಬಾಗಿಲೇ ಆದರೆ ಒಟ್ಟು ತಡೆ 27ಕ್ಕೆ ಕುಸಿಯುತ್ತದೆ. ಆಮೇಲೆ ಗೋಡೆಯನ್ನು ಎಷ್ಟು ದಪ್ಪ ಮಾಡಿದರೂ ಫಲವಿಲ್ಲ.

ಬಾಗಿಲಿಗೆ ಫೋಮ್ ಹಾಳೆ, ಮೊಟ್ಟೆಯ ಟ್ರೇ ಅಂಟಿಸುವ ರೂಢಿ ಹಣಕ್ಕೂ ದುಡಿಮೆಗೂ ನಷ್ಟ. ಫೋಮ್ ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆಯೇ ಹೊರತು ಬೀದಿಯ ಸ್ಕೂಟರ್ ಸದ್ದನ್ನು ತಡೆಯದು. ತಡೆಯಲು ತೂಕ ಬೇಕು. ತೂಕ ಇಮ್ಮಡಿಯಾದರೆ ಸುಮಾರು 6 ಡೆಸಿಬಲ್ ಲಾಭ ಎಂಬುದು ಸೂತ್ರ. ಗಟ್ಟಿ ತಿರುಳಿನ ಬಾಗಿಲಿಗೆ 18 ಮಿ.ಮೀ. ಎಂಡಿಎಫ್ ಹಲಗೆ ಬಿಗಿದರೆ ನಾಲ್ಕೈದು ಡೆಸಿಬಲ್ ಹೆಚ್ಚೀತು. ಅದೂ ಸಂದುಗಳು ಮುಚ್ಚಿದ್ದರೆ ಮಾತ್ರ.

ಈ ಕೆಲಸದ ಗೆಲುವು ಸೋಲು ತೀರ್ಮಾನವಾಗುವುದು ಸಂದುಗಳಲ್ಲೇ. 90 ಸೆಂ.ಮೀ. ಅಗಲ, 210 ಸೆಂ.ಮೀ. ಎತ್ತರದ ಬಾಗಿಲಿನ ಕೆಳಗೆ ಒಂದು ಸೆಂಟಿಮೀಟರ್ ಬಿಟ್ಟರೆ, ಆ ಸಂದು ಇಡೀ ಬಾಗಿಲಿನ ನೂರರಲ್ಲಿ ಅರ್ಧ ಪಾಲೂ ಆಗದು. ಆದರೆ ಅದೊಂದೇ ಸಾಕು: ಹಲಗೆ ಸೀಸದ್ದೇ ಆಗಿದ್ದರೂ ತಡೆ 23 ಡೆಸಿಬಲ್ ದಾಟದು. ಹಳೆಯ ಮನೆಗಳಲ್ಲಿ ಹೊಸ್ತಿಲು ಈ ಜಾಗವನ್ನು ಕಾಯುತ್ತಿತ್ತು. ಒಳಕೋಣೆಗಳಿಗೆ ಹೊಸ್ತಿಲೇ ಇಲ್ಲದ ಈಗಿನ ಮನೆಗಳಲ್ಲಿ ಟೈಲ್ಸ್ ಬಾಗಿಲಡಿಯಲ್ಲಿ ಸಲೀಸಾಗಿ ಹಾದುಹೋಗುತ್ತದೆ, ಅದರ ಜೊತೆ ಸದ್ದೂ. ಸ್ಟುಡಿಯೊ ಕೋಣೆಗೆ ಹೊಸ್ತಿಲನ್ನು ಮತ್ತೆ ಕೂರಿಸಿ, ಬಾಗಿಲು ಅದಕ್ಕೆ ಒತ್ತುವಂತೆ ರಬ್ಬರ್ ಪಟ್ಟಿ ಕೊಡುವುದು ಕಡಿಮೆ ಖರ್ಚಿನ, ಬಹಳ ಕಾಲ ಬಾಳುವ ಉಪಾಯ. ಬಾಗಿಲು ಮುಚ್ಚಿದಾಗ ತಾನಾಗಿ ಕೆಳಗಿಳಿಯುವ ಸೀಲ್ ಕೂಡ ಒಳ್ಳೆಯದೇ, ಆದರೆ ನೆಲ ಸಮತಟ್ಟಾಗಿರಬೇಕು.

ಉಳಿದ ಮೂರು ಬದಿಗೂ ಪಟ್ಟಿ ಬೇಕು. ಬಾಗಿಲಿಗೂ ಪಟ್ಟಿಗೂ ನಡುವೆ ಕಾಗದದ ಚೂರು ಸಿಕ್ಕಿಸಿ ಎಳೆದಾಗ ಸರಕ್ಕನೆ ಬಂದರೆ ಅಲ್ಲಿ ಬಿಗಿ ಸಾಲದು. ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕು ಅಂದದ ಪಟ್ಟಿಯಡಿ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಗಾರೆಯನ್ನು ಗಟ್ಟಿಯಾಗಿ ತುಂಬಿ, ಒಣಗಿದರೂ ಮೆದುವಾಗಿಯೇ ಉಳಿಯುವ ಸೀಲಂಟ್ ಎಳೆಯಬೇಕು. ಬೀಗದ ಕಿಂಡಿಯನ್ನೂ ಮುಚ್ಚಬೇಕು. ಭಾರ ಹೆಚ್ಚಿದ ಬಾಗಿಲಿಗೆ ನಾಲ್ಕು ಕೀಲು ಅಗತ್ಯ. ಬಾಗಿಲು ಜಗ್ಗಿದರೆ ಪಟ್ಟಿಯ ಬಿಗಿ ಹೋಯಿತು. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲಕ್ಕೆ ಉಬ್ಬಿದ ಮರ ಬೇಸಿಗೆಯಲ್ಲಿ ಕುಗ್ಗುವುದರಿಂದ ವರ್ಷಕ್ಕೆ ಎರಡು ಸಲವಾದರೂ ಸಂದು ಪರೀಕ್ಷಿಸುವುದು ಒಳಿತು.

ಮಾತು, ಹಾಡು, ವೀಣೆಯ ಮುದ್ರಣಕ್ಕೆ ಹೀಗೆ ಬಿಗಿಮಾಡಿದ ಒಂದು ಗಟ್ಟಿ ಬಾಗಿಲು ಸಾಕು. ಡ್ರಮ್ಸ್, ಚಂಡೆಗಳಿಗೆ ಸಾಲದು; ತಗ್ಗು ಸ್ಥಾಯಿಯ ಸದ್ದು ಅಷ್ಟು ತೂಕಕ್ಕೆ ಬಗ್ಗುವುದಿಲ್ಲ. ಅಲ್ಲಿ ಒಂದೇ ಬಾಗಿಲನ್ನು ದಪ್ಪಗೊಳಿಸುತ್ತ ಹೋಗುವುದಕ್ಕಿಂತ, ನಡುವೆ ಗಾಳಿಯ ಅಂತರ ಬಿಟ್ಟು ಎರಡು ಬಾಗಿಲು ನಿಲ್ಲಿಸುವುದೇ ಮೇಲು. ಇಷ್ಟು ಬಿಗಿಯಾದ ಕೋಣೆಯೊಳಗೆ ಗಾಳಿಯೂ ಸುಳಿಯದು. ಆದ್ದರಿಂದ ಒಳಗೆ ಉಣ್ಣೆಯ ಪದರವಿರುವ, ಎರಡು ಮೂರು ಕಡೆ ತಿರುಗುವ ಗಾಳಿಕೊಳವೆಯನ್ನು ಬಾಗಿಲು ಕೂರಿಸುವ ಮೊದಲೇ ಯೋಜಿಸಬೇಕು.